ಓನರ್ ಮೇಡಂ ಇವತ್ತು ರಜಾ

ಅವರನ್ನು ಬೀದಿಯವರೆಲ್ಲ ಯಜಮಾನರು ಎಂದು ಕರೆಯುತ್ತಿದ್ದರು. ಯಾವುದರ ಯಜಮಾನರು ಎಂದು ಯಾರೂ ಕೇಳಿರಲಿಲ್ಲ. ಕೇಳದೆ ಹೇಳುವ ದುಡುಕುತನ ಅವರಲ್ಲೂ ಇರಲಿಲ್ಲ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಕೂತು ಅವರ ಮೀಸೆ ನೆರೆತಿತ್ತು. ಅಂಗಡಿ ಬೇರೆಯವರದು. ಆದರೆ ಅಸಲಿ ಧಣಿ ಊಟಕ್ಕೆ ಹೋದಾಗ ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದವರು ಇವರು. ಅಂಥದ್ದೊಂದು ಮಧ್ಯಾಹ್ನ ಯಾರೋ ಗಿರಾಕಿ "ಯಜಮಾನ್ರೇ" ಅಂದ. ಇವರು ತಿದ್ದಲಿಲ್ಲ. ಹೆಸರು ಅಲ್ಲೇ ಕಾಲು ಚಾಚಿ ಕೂತುಬಿಟ್ಟಿತು. ಹಾಗೆ ಕರೆಯುವ ಹಕ್ಕು ನ್ಯಾಯವಾಗಿ ಇದ್ದದ್ದು ಹೆಂಡತಿಗೆ. ಆಕೆಯೊಬ್ಬಳೇ ಅವರನ್ನು ಹಾಗೆ ಕರೆಯುತ್ತಿರಲಿಲ್ಲ. "ರೀ" ಎನ್ನುತ್ತಿದ್ದಳು. ಅವರ ನಿಜವಾದ ಹುದ್ದೆ ಏನೆಂಬುದು ಆ ಒಂದೇ ಅಕ್ಷರದಲ್ಲಿ ಅವರಿಗೆ ನೆನಪಾಗುತ್ತಿತ್ತು.

ಯಜಮಾನರಿಗೊಬ್ಬ ಭಾವ, ಹೆಂಡತಿಯ ಅಣ್ಣ. ನೀರು ಸರಬರಾಜು ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಲ್ಲಿ ತಿರುಗಿಸಿದ ಹಾಗೆ ಮಾತು ಬರುತ್ತಿತ್ತು. ನಿಲ್ಲಿಸುವ ತಿರುಪು ಮಾತ್ರ ಎಂದೋ ಸವೆದುಹೋಗಿತ್ತು. ದೂರದೂರಿನಲ್ಲಿದ್ದುದರಿಂದ ಆ ನೀರೆಲ್ಲ ಫೋನಿನಲ್ಲೇ ಹರಿಯುತ್ತಿತ್ತು.

"ಮಗ ಎರಡನೇ ಕ್ಲಿನಿಕ್ ತೆಗ್ದ ಕಣ್ರೀ ಯಜಮಾನ್ರೇ. ಊರಿನ ಹಲ್ಲೆಲ್ಲಾ ಇವನ ಕೈಲೇ ಇದೆ ಅಂತಿಟ್ಕೊಳ್ಳಿ. ಅಂದ ಹಾಗೆ, ನಿಮ್ಮ ಮಗಳು ಏನ್ಮಾಡ್ಕೊಂಡಿದಾಳೆ?"

ಮಗಳು ವಿಯೆಟ್ನಾಮಿ ಹೋಟೆಲೊಂದರಲ್ಲಿ ಗಿರಾಕಿಗಳಿಗೆ ಬಡಿಸುತ್ತಿದ್ದಳು. ಮೊದಲು ಕಚೇರಿಯೊಂದರಲ್ಲಿ ಕುರ್ಚಿಯ ಮೇಲೆ ಕೂರುವ ಕೆಲಸವಿತ್ತು. ಕೂತು ಕೂತು ಸಾಕಾಯಿತೆಂದು ಬಿಟ್ಟು, ಈ ಓಡಾಡುವ ಕೆಲಸಕ್ಕೆ ತಾನಾಗಿಯೇ ಸೇರಿದ್ದಳು. ಖುಷಿಯಾಗಿದ್ದಳು. ಹೇಳಬೇಕಾಗಿದ್ದದ್ದು ಇಷ್ಟೇ. ಆದರೆ ಎರಡನೇ ಕ್ಲಿನಿಕ್ಕಿನ ಎದುರು ಸೂಪಿನ ಬಟ್ಟಲನ್ನು ಇಡಲು ಯಜಮಾನರಿಗೆ ಮನಸ್ಸು ಬರಲಿಲ್ಲ.

"ಹೋಟ್ಲು ನಡೆಸ್ತಿದಾಳೆ ಭಾವ. ವಿಯೆಟ್ನಾಮಿ ಊಟ. ಜನ ಬೀದಿ ತನಕ ಸಾಲು ನಿಂತಿರ್ತಾರೆ."

ಕೊನೆಯ ಮಾತು ನಿಜವಾಗಿತ್ತು. ಕುಂಟುವ ಸುಳ್ಳಿನ ಕೈಗೆ ಒಂದು ನಿಜವನ್ನು ಊರುಗೋಲಾಗಿ ಕೊಟ್ಟರೆ ಅದು ಎಲ್ಲಿಯ ತನಕ ನಡೆಯುತ್ತದೆ ಎಂಬುದಕ್ಕೆ ಮುಂದಿನದೇ ಸಾಕ್ಷಿ. ತಿಂಗಳು ಕಳೆಯುವುದರೊಳಗೆ ಭಾವನ ಫೋನು ಮತ್ತೆ ಬಂತು. "ಭಾನುವಾರ ನಿಮ್ಮೂರ ಮೇಲೇ ಹೋಗ್ತಿದೀವಿ. ಬೆಳಿಗ್ಗೆ ಇಳೀತೀವಿ, ಸಂಜೆ ಇನ್ನೊಂದು ರೈಲು. ಮಧ್ಯಾಹ್ನದ ಊಟ ನಮ್ಮ ಹುಡುಗಿ ಹೋಟ್ಲಲ್ಲೇ!"

ಮಗಳು ಕೆಲಸದ ಕಪ್ಪಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಯಜಮಾನರು ಬಾಗಿಲಲ್ಲಿ ಕೆಮ್ಮಿದರು.

"ಭಾನುವಾರ ರಜಾ ಹಾಕ್ಬಿಡು ಮಗಾ."

"ಭಾನುವಾರಾನಾ? ಭಾನುವಾರ ಸತ್ತೋದೆ ಅಂದ್ರೂ ಬಡಿಸಿ ಸಾಯಿ ಅಂತಾರೆ ನಮ್ಮ ಓನರಮ್ಮ. ಯಾಕಪ್ಪಾ?"

"ಮಾವ, ಅತ್ತೆ ಬರ್ತಿದಾರೆ. ಅಲ್ಲೇ ಊಟ ಮಾಡ್ಬೇಕಂತೆ."

ಹುಡುಗಿಯ ಮುಖ ಅರಳಿತು. "ಹಾಗಂದ್ರೆ ನೀನೂ ಬರ್ತೀಯಲ್ಲ! ಕಿಟಕಿ ಪಕ್ಕದ ಟೇಬಲ್ ಹಿಡಿದಿಟ್ಟಿರ್ತೀನಿ."

ಆ "ನೀನೂ" ಎಂಬುದು ಯಜಮಾನರಿಗೆ ಚುಚ್ಚಿತು. ಅವಳು ಕೆಲಸಕ್ಕೆ ಸೇರಿದಾಗಿನಿಂದ ಕರೆಯುತ್ತಲೇ ಇದ್ದಳು. ಕರೆದಾಗಲೆಲ್ಲ ಅವರಿಗೆ ಬೆನ್ನುನೋವು ಬರುತ್ತಿತ್ತು. ಹೋಟೆಲಿನ ಹೊಸ್ತಿಲನ್ನು ಒಂದು ಸಲವೂ ದಾಟಿರಲಿಲ್ಲ.

"ನೋಡು, ನಾವು ಬಂದಾಗ ನೀನು ಮಾತಾಡಿಸೋಕೆ ಹೋಗ್ಬೇಡ. ಕೆಲಸದ ಹೊತ್ತಲ್ಲಿ ನೆಂಟರು ಗಿಂಟರು ಅಂದ್ರೆ ನಿಮ್ಮ ಓನರ್‌ಗೆ ಸರಿ ಕಾಣ್ಸಲ್ಲ."

"ಓನರಮ್ಮನ ನೆಂಟರೇ ಅರ್ಧ ಹೋಟ್ಲು ತುಂಬಿರ್ತಾರಪ್ಪ."

"ಆದ್ರೂ."

ಮಗಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಪ್ಪನನ್ನೇ ನೋಡಿದಳು. "ಆಯ್ತು" ಅಂದಳು. ಅಂಗಿಯ ಕಾಲರನ್ನು, ಆಗಲೇ ಸಪಾಟಾಗಿದ್ದದ್ದನ್ನು, ಇನ್ನೊಂದು ಸಲ ಉಜ್ಜಿದಳು.

ಇನ್ನುಳಿದದ್ದು ಭಾವನ ಕಣ್ಣು. ಮಗಳನ್ನು ಅವರು ಎದುರಿಗೆ ನೋಡಿದ್ದು ಅವಳು ಫ್ರಾಕು ಹಾಕುತ್ತಿದ್ದಾಗಲೇ ಆದರೂ ಆಮೇಲಿನ ಅವಳ ಫೋಟೋಗಳೆಲ್ಲ ಭಾವನ ಮೊಬೈಲಿನಲ್ಲಿದ್ದವು. ಹೋಟೆಲಿನಲ್ಲಿ ಬಡಿಸುವವರು ಕಪ್ಪು ಟೋಪಿ ಹಾಕಿ, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳುತ್ತಾರೆಂಬುದೇನೋ ಸಮಾಧಾನ. ಅಷ್ಟು ಸಾಲದು ಎನ್ನಿಸಿತು. ಇಲ್ಲಿ ಯಜಮಾನರ ಕಸುಬು ನೆರವಿಗೆ ಬಂತು. ಭಾವನ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದಿಲ್ಲದಿದ್ದರೆ ಬಸ್ಸು ಯಾವುದು, ಮನೆ ಯಾವುದು ಎಂಬುದು ಭಾವನಿಗೆ ಎರಡರಲ್ಲೊಂದು ಹೊರಟ ಮೇಲೆಯೇ ತಿಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ನೆಂಟರು ಬಂದು, ಕಾಫಿ ಕುಡಿದು, ಭಾವ ಎರಡನೇ ಕ್ಲಿನಿಕ್ಕಿನ ಕುರ್ಚಿಗಳ ವರ್ಣನೆಗೆ ಇಳಿಯುತ್ತಿದ್ದಂತೆ ಯಜಮಾನರು ಅವರ ಕಿವಿಯ ಹತ್ತಿರ ಬಗ್ಗಿದರು.

"ಅಯ್ಯೋ ಭಾವ, ಕಡ್ಡಿ ಪೂರ್ತಿ ಸಡಿಲ ಆಗಿದೆಯಲ್ಲ! ಹೀಗೇ ಹಾಕ್ಕೊಂಡಿದ್ರೆ ತಲೆನೋವು ಗ್ಯಾರಂಟಿ. ಕೊಡಿ ಇಲ್ಲಿ."

"ಸರಿಯಾಗೇ ಇತ್ತಲ್ರೀ?"

"ಸರಿಯಾಗಿದೆ ಅನ್ನಿಸೋದೇ ಅದರ ಲಕ್ಷಣ."

ಕನ್ನಡಕ ಒಳಕೋಣೆಗೆ ಹೋಯಿತು. ಬರಿಗೈ ಹೊರಗೆ ಬಂತು. ಯಂತ್ರಕ್ಕೆ ಹಾಕಬೇಕು, ಅಂಗಡಿ ಮಧ್ಯಾಹ್ನದ ಮೇಲೆ ತೆಗೆಯುವುದು, ರೈಲು ಹತ್ತುವುದರೊಳಗೆ ಕೈಗೆ ಕೊಡುತ್ತೇನೆ ಎಂದರು. ಜನರಿಗೆ ಕಾಣಿಸುವ ಹಾಗೆ ಮಾಡುವುದೇ ಕಸುಬಾಗಿದ್ದ ಮನುಷ್ಯ ಮೊಟ್ಟಮೊದಲ ಸಲ ಆ ಕಸುಬನ್ನು ಹಿಂದುಮುಂದಾಗಿ ನಡೆಸಿದ್ದರು. ಕನ್ನಡಕ ಅವರ ಅಂಗಿಯ ಜೇಬಿನಲ್ಲೇ, ಎದೆಗೆ ಒತ್ತಿಕೊಂಡು ಕೂತಿತ್ತು. ಅತ್ತಿಗೆ, ಅಂದರೆ ಭಾವನ ಹೆಂಡತಿ, ಮೂಲೆಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಮದುವೆಯಾದಾಗಿನಿಂದ ಅವರಿಗೆ ಮಾತಾಡುವ ಸಂದರ್ಭವೇ ಬಂದಿರಲಿಲ್ಲ. ಬಾಯಿಯ ಬಳಕೆ ಕಡಿಮೆಯಿದ್ದದ್ದರಿಂದ ಅವರಿಗೆ ಕಣ್ಣಿದೆ ಎಂಬುದೂ ಯಜಮಾನರ ಲೆಕ್ಕಕ್ಕೆ ಬರಲಿಲ್ಲ.

"ಮಗಳು ಇವತ್ತು ಹೋಟ್ಲಿಗೆ ಸಾಮಾನು ತರೋಕೆ ಬೇರೆ ಊರಿಗೆ ಹೋಗಿದಾಳೆ ಭಾವ. ತುಂಬ ಬೇಜಾರು ಮಾಡ್ಕೊಂಡ್ಳು."

ಹೆಂಡತಿ ಗಂಡನ ಕಡೆ ನೋಡಿದಳು. "ರೀ" ಅಂದಳು. ಮುಂದಿನದು ಅಣ್ಣನೆದುರು ಹೇಳುವಂಥದ್ದಾಗಿರಲಿಲ್ಲ.

ಹೋಟೆಲಿನ ಮುಂದೆ ಸಾಲು ನಿಜವಾಗಿಯೂ ಬೀದಿ ತನಕ ಇತ್ತು. ಬಾಗಿಲು ತೆರೆದಾಗಲೆಲ್ಲ ಸೂಪಿನ ಹಬೆಯ ಜೊತೆ ಪುದೀನ, ಶುಂಠಿ, ಚಕ್ಕೆಯ ವಾಸನೆ ಹೊರಗೆ ಬಂದು ಹಸಿದವರ ಹೊಟ್ಟೆ ಉರಿಸಿ ಹೋಗುತ್ತಿತ್ತು. ಸಾಲಿನ ನಡುವೆ ಇವರ ಬೀದಿಯ ಇಸ್ತ್ರಿ ಅಂಗಡಿಯವನು ಸಂಸಾರ ಸಮೇತ ನಿಂತಿದ್ದ. "ಏನ್ ಯಜಮಾನ್ರೇ, ನೀವೂ ಇಲ್ಲೇ!"

ಯಜಮಾನರು ಬೇಗ ಬೇಗ ತಲೆಯಾಡಿಸಿ ಸಾಲಿನ ಕೊನೆಗೆ ಹೊರಟರು. ಭಾವ ತೋಳು ಹಿಡಿದು ನಿಲ್ಲಿಸಿದರು.

"ಸಾಲಾ? ನಾವಾ? ಸ್ವಂತ ತಂಗಿ ಮಗಳ ಹೋಟ್ಲಿಗೆ ಸಾಲಲ್ಲಿ ನಿಂತು ಹೋಗ್ಬೇಕಾ? ದಾರಿ ಬಿಡಿ ಸ್ವಾಮಿ! ಇದು ನಮ್ಮ ಹುಡುಗಿ ಹೋಟ್ಲು!"

ಸಾಲು ತಿರುಗಿ ನೋಡಿತು. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಹೆಂಗಸೊಬ್ಬಳು ಅಂದಳು: "ನಿಮ್ದೇ ಆದ್ರೆ ಇನ್ನೊಂದಷ್ಟು ಟೇಬಲ್ ಹಾಕ್ಸಿ. ನಾನು ಬಂದು ನಿಂತಾಗ ಈ ಮಗು ಎಚ್ಚರ ಇತ್ತು."

"ಕೈ ತೊಳ್ಯೋ ಕಡೆ ಚಿಲಕ ಕೂರಲ್ಲ, ಅದನ್ನೂ ಹೇಳಿ," ಎಂದ ಇನ್ನೊಬ್ಬ.

"ಹೋದ ಸಲ ಸೂಪು ಆರಿತ್ತು."

"ಒಳಗೆ ಫ್ಯಾನು ಒಂದೇ ಕಡೆ ತಿರುಗುತ್ತೆ."

ದೂರುಗಳನ್ನು ಕೇಳುವುದರಲ್ಲೇ ಸರ್ವೀಸು ಕಳೆದಿದ್ದ ಭಾವನಿಗೆ ಹಳೆಯ ಹುದ್ದೆ ಮರಳಿ ಸಿಕ್ಕಂತಾಯಿತು. ಎದೆ ಉಬ್ಬಿಸಿ, ಕೈಯೆತ್ತಿ, "ಗಮನಕ್ಕೆ ಬಂದಿದೆ! ಕ್ರಮ ತಗೋತೀವಿ!" ಎನ್ನುತ್ತ ಸಾಲಿನುದ್ದಕ್ಕೂ ನಡೆದರು. ಇಸ್ತ್ರಿಯವನು ಯಜಮಾನರ ಮುಖ ನೋಡಿ, "ಹೌದಾ? ನಿಮ್ಮ ಮಗಳದ್ದಾ?" ಅಂದ. ಯಜಮಾನರು ತಮ್ಮ ಚಪ್ಪಲಿಯ ಬಾರನ್ನು ಜೀವನದಲ್ಲಿ ಮೊದಲ ಸಲ ನೋಡುವವರಂತೆ ನೋಡತೊಡಗಿದರು.

ಒಳಗೆ ಹೋದ ಭಾವ ಬಾಗಿಲ ಪಕ್ಕದ ಆಳೆತ್ತರದ ಹೂಕುಂಡಕ್ಕೆ ಗೌರವದಿಂದ ನಮಸ್ಕಾರ ಹೇಳಿದರು. ಅದು ಉತ್ತರಿಸದ್ದರಿಂದ ಗಲ್ಲಾದ ಕಡೆ ತಿರುಗಿದರು. ಅಲ್ಲಿ ಎತ್ತರದ ಸ್ಟೂಲಿನ ಮೇಲೆ ಬೆಳ್ಳಗಿನ ಕೂದಲಿನ, ಕೈಹಿಡಿಯಷ್ಟು ಮೈಯ ಅಜ್ಜಿಯೊಬ್ಬರು ಕೂತು, ಇಡೀ ಹೋಟೆಲನ್ನು ಹುಬ್ಬಿನಲ್ಲೇ ನಡೆಸುತ್ತಿದ್ದರು. ಅವರೇ ಓನರಮ್ಮ.

"ನೋಡಮ್ಮಾ, ಹೊರಗೆ ಬಹಳ ದೂರುಗಳಿವೆ. ಚಿಲಕ ಹಾಕಿಸು. ನಾನು ಈ ಹೋಟ್ಲು ಓನರ್‌ಗೆ ಮಾವ."

ಅಜ್ಜಿಯ ಹುಬ್ಬು ಹಣೆಯ ಮಧ್ಯಕ್ಕೇರಿತು. "ನನಗಾ?" ಎಂದು ಬಾಯಿ ತೆರೆಯುವಷ್ಟರಲ್ಲಿ ಟೋಪಿ, ಮಾಸ್ಕು ಹಾಕಿದ ಹುಡುಗಿಯೊಬ್ಬಳು, ಎರಡೂ ಕೈಯಲ್ಲಿ ಹಬೆಯಾಡುವ ಬಟ್ಟಲು ಹಿಡಿದವಳು, ಅಲ್ಲೇ ನಿಂತಳು. ಮಾವನನ್ನು ನೋಡಿದಳು. ಅಮ್ಮನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅಪ್ಪ ಹೂಕುಂಡವನ್ನು ನೋಡಿದರು.

ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು. ಮಾಸ್ಕಿನ ಮೇಲಿನ ಕಣ್ಣು ಒಂದು ಗಳಿಗೆ ಮಂಕಾಯಿತು, ಆಮೇಲೆ ಸರಿಹೋಯಿತು.

"ಓನರ್ ಮೇಡಂ ಇವತ್ತು ರಜಾ, ಸರ್," ಅಂದಳು. "ಬನ್ನಿ, ನಿಮಗೆ ಅಂತಾನೇ ಟೇಬಲ್ ಇಟ್ಟಿದೆ."

ತಮ್ಮ ರಜೆಯ ಸುದ್ದಿಯನ್ನು ತಮ್ಮದೇ ಸ್ಟೂಲಿನ ಮೇಲೆ ಕೂತು ಕೇಳಿದ ಓನರಮ್ಮ, "ಹಾಗಾದ್ರೆ ಮನೆಗೆ ಹೋಗ್ಲೇನೇ?" ಎಂದು ಮೆಲ್ಲಗೆ ಕೇಳಿದರು. ಹುಡುಗಿ ಕಣ್ಣಲ್ಲೇ ಬೇಡಿಕೊಂಡಳು. ಓನರಮ್ಮ ಹುಬ್ಬಿಳಿಸಿದರು.

ಕಿಟಕಿ ಪಕ್ಕದ ಟೇಬಲು ಅದು. ಪಕ್ಕದವರ ಮೊಣಕೈ ಯಾವುದು, ನಮ್ಮದು ಯಾವುದು ಎಂದು ಗೊತ್ತಾಗದಷ್ಟು ಇಕ್ಕಟ್ಟು. ತಟ್ಟೆ ತುಂಬ ಸೊಪ್ಪು, ಮೊಳಕೆಕಾಳು, ನಿಂಬೆಹೋಳು ಬಂತು. ಒಂದು ಅಗಲದ ಬಟ್ಟಲಲ್ಲಿ ಬೆಚ್ಚಗಿನ ನೀರೂ ಬಂತು. ಅದರ ಪಕ್ಕ ಹಪ್ಪಳದಂಥ, ಆಚೆಬದಿ ಕಾಣುವಷ್ಟು ತೆಳ್ಳಗಿನ ಅಕ್ಕಿಹಾಳೆಗಳ ಕಟ್ಟು. ಹಾಳೆಯನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು, ಸೊಪ್ಪು ಸದೆ ಇಟ್ಟು, ಸುರುಳಿ ಸುತ್ತಿ ತಿನ್ನಬೇಕು. ಹುಡುಗಿ ಅದನ್ನು ಹೇಳಲು ಬಾಯಿ ತೆರೆದಳು. ಭಾವ ಕೈಯೆತ್ತಿ ತಡೆದರು.

"ನಮಗೆ ಹೇಳ್ಕೊಡ್ಬೇಕಾಗಿಲ್ಲ. ಇವರು ದಿನಾ ತಿನ್ನೋರು. ಅಲ್ವೇನ್ರೀ ಯಜಮಾನ್ರೇ?"

"ದಿನಾ," ಎಂದರು ಯಜಮಾನರು.

"ಊಟಕ್ಕೆ ಮುಂಚೇನೇ ಬಿಸಿನೀರು! ಇದಪ್ಪಾ ಶಿಸ್ತು," ಎಂದು ಭಾವ ನಿಂಬೆಹೋಳನ್ನು ಬಟ್ಟಲಿಗೆ ಹಿಂಡಿ, ಎರಡೂ ಕೈಯನ್ನು ಮಣಿಕಟ್ಟಿನ ತನಕ ಮುಳುಗಿಸಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದರು. ದಿನಾ ತಿನ್ನುವವರು ಸುಮ್ಮನಿರುವಂತಿರಲಿಲ್ಲ. ಯಜಮಾನರೂ ತೊಳೆದರು.

ಒದ್ದೆಗೈಯನ್ನು ಒರೆಸಿಕೊಳ್ಳಲು ಭಾವ ತಡಕಾಡಿದಾಗ ಬೆಳ್ಳಗಿನ, ತೆಳ್ಳಗಿನ ಹಾಳೆ ಕೈಗೆ ಸಿಕ್ಕಿತು. ಒಂದರಲ್ಲಿ ಕೈ ಒರೆಸಿದರು. ಇನ್ನೊಂದನ್ನು ತೆಗೆದು, ಸಾಲಿನಲ್ಲಿ ನಡೆದ ಸೆಕೆಗೆ ಬೆವೆತಿದ್ದ ಹಣೆಗೆ, ಕೆನ್ನೆಗೆ ಚೆನ್ನಾಗಿ ಒತ್ತಿಕೊಂಡರು. ತೇವ ತಾಗಿದ ಅಕ್ಕಿಹಾಳೆ ತನ್ನ ಗುಣ ತೋರಿಸಿತು. ಮೆತ್ತಗಾಯಿತು. ಅಂಟಾಯಿತು. ಎಡಗೆನ್ನೆಯಿಂದ ಹುಬ್ಬಿನ ತನಕ ಗಟ್ಟಿಯಾಗಿ ಹಿಡಿದುಕೊಂಡಿತು.

"ಅಮ್ಮಾ," ಎಂದಿತು ಪಕ್ಕದ ಟೇಬಲಿನ ಮಗು, "ಆ ತಾತ ಊಟಾನ ಮುಖಕ್ಕೆ ಅಂಟಿಸ್ಕೊಂಡಿದಾರೆ."

ಅತ್ತಿಗೆ ತಲೆಯೆತ್ತದೆ ಬರೀ ಮೊಳಕೆಕಾಳು ತಿನ್ನುತ್ತಿದ್ದರು. ಹುಡುಗಿ ಓಡಿಬಂದು ಹಾಳೆಯನ್ನು ತುದಿಯಿಂದ ಮೆಲ್ಲಗೆ ಬಿಡಿಸಿದಳು. ಹುಬ್ಬಿನ ಕೂದಲು ಒಂದೆರಡು ಅದರ ಜೊತೆಗೇ ಹೋದವು.

"ಏನಮ್ಮಾ ಇದು, ಟಿಶ್ಯೂಗೆ ಗೋಂದು ಹಚ್ಚಿಡ್ತೀರಾ? ನಮ್ಮ ಹುಡುಗಿ ಬರ್ಲಿ ನಾಳೆ, ನಿನ್ನ ವಿಷಯ ಹೇಳ್ತೀನಿ!"

"ತಪ್ಪಾಯ್ತು, ಸರ್."

ಮೇಜಿನ ಕೆಳಗೆ ಹೆಂಡತಿಯ ಹಿಮ್ಮಡಿ ಯಜಮಾನರ ಕಾಲ್ಬೆರಳ ಮೇಲೆ ಬಂದು ಕೂತು, ಅಲ್ಲೇ ಉಳಿಯಿತು. ನೀರಿನ ಬಟ್ಟಲು ಬದಲಾಯಿತು. ಹೊಸ ಹಾಳೆಗಳು ಬಂದವು. ಸೇವಿಗೆಯ ಸೂಪು ಬಂತು. ಬಟ್ಟಲಿಡುವಾಗ ಮಗಳ ಮಣಿಕಟ್ಟಿನ ಮೇಲೆ ಬಿಸಿ ತಾಗಿದ ಹಳೆಯ ಕಲೆಯೊಂದು ಯಜಮಾನರ ಕಣ್ಣಿಗೆ ಬಿತ್ತು. ಅದನ್ನು ಮನೆಯಲ್ಲಿ ಅವರು ಗಮನಿಸಿರಲಿಲ್ಲ. ಸೂಪು ತುಂಬ ರುಚಿಯಾಗಿತ್ತೆಂದು ಸುತ್ತಲಿನವರ ಸದ್ದಿನಿಂದ ತಿಳಿಯುತ್ತಿತ್ತು. ಅವರ ಗಂಟಲಲ್ಲಿ ಅದು ಇಳಿಯಲಿಲ್ಲ.

ಭಾವನಿಗೆ ಇಳಿಯಿತು. ಕೆಂಪು ಹಣ್ಣುಮೆಣಸಿನಕಾಯಿಯನ್ನು ಟೊಮೆಟೊ ಎಂದು ಅಗಿದದ್ದೊಂದು ಬಿಟ್ಟರೆ ಊಟ ಸಾಂಗವಾಯಿತು. ಹುಡುಗಿ ಕೇಳದೆಯೇ ತಣ್ಣೀರು ತಂದಿಟ್ಟಳು. ಹೊಟ್ಟೆ ತಂಪಾದ ಮೇಲೆ ಭಾವನಿಗೆ ಉಪದೇಶದ ಮನಸ್ಸಾಯಿತು.

"ಕೆಲಸ ಚುರುಕಾಗೇ ಮಾಡ್ತೀಯ. ಆದ್ರೆ ನೋಡು, ನಮ್ಮ ಹುಡುಗೀಗೂ ನಿನ್ನಷ್ಟೇ ವಯಸ್ಸು. ಅವಳು ಹೋಟ್ಲಿಗೇ ಒಡತಿ, ನೀನು ಬಟ್ಟಲು ಹೊರ್ತಿದೀಯ. ಯಾಕೆ? ಎಲ್ಲಾ ಅಪ್ಪಂದಿರ ಕೈಲಿರುತ್ತೆ. ಏನ್ಮಾಡ್ತಾನೆ ನಿಮ್ಮಪ್ಪ?"

ಹೆಂಡತಿಯ ಹಿಮ್ಮಡಿ ಯಜಮಾನರ ಬೆರಳಿನಿಂದ ಎದ್ದುಹೋಯಿತು. ಅದು ಒತ್ತುತ್ತಿದ್ದಾಗಲೇ ವಾಸಿಯಿತ್ತು.

"ಕನ್ನಡಕದಂಗಡೀಲಿ ಕೆಲಸ ಮಾಡ್ತಾರೆ, ಸರ್," ಅಂದಳು ಹುಡುಗಿ. "ಗಾಜು ಉಜ್ಜುತಾರೆ. ಈ ಊರಲ್ಲಿ ಅವರಷ್ಟು ಚೆನ್ನಾಗಿ ಯಾರೂ ಉಜ್ಜಲ್ಲ."

ಹೇಳುವಾಗ ಅವಳ ದನಿ ತಗ್ಗಲಿಲ್ಲ. ಪಕ್ಕದ ಟೇಬಲಿಗೂ ಕೇಳಿಸುವಂತೆ, ಸೂಪಿನ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳಿದಳು.

"ಕನ್ನಡಕದಂಗಡಿ!" ಭಾವ ಮೇಜು ಬಡಿದರು. "ಏನ್ರೀ ಯಜಮಾನ್ರೇ, ಹಾಗಾದ್ರೆ ಇವಳಪ್ಪ ನಿಮ್ಮ ಅಂಗಡಿ ಆಳೇ ಇರ್ಬೇಕಲ್ಲ? ಗೊತ್ತೇನ್ರೀ ನಿಮಗೆ ಅವನು? ಎಂಥವನು?"

ಯಜಮಾನರು ಸೂಪಿನಲ್ಲಿ ತಮ್ಮ ಮುಖ ಹುಡುಕಿದರು. ಅಲ್ಲಿ ಎಣ್ಣೆಯ ಬೊಟ್ಟುಗಳು ತೇಲುತ್ತಿದ್ದವು.

"ಗೊತ್ತು ಭಾವ."

"ಎಂಥವನು?"

"ಅಷ್ಟೇನೂ ಒಳ್ಳೆಯವನಲ್ಲ."

ಕೈ ತಾನಾಗಿಯೇ ಜೇಬಿಗೆ ಹೋಯಿತು. ಹೊರಗೆ ಬಂದ ಕನ್ನಡಕವನ್ನು ಯಜಮಾನರು ಅಭ್ಯಾಸಬಲದಿಂದ ಅಂಗಿಯ ತುದಿಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಗಿರಾಕಿಗೆ ತೊಡಿಸುವ ಹಾಗೆ ಭಾವನ ಮೂಗಿನ ಮೇಲೆ ಕೂರಿಸಿದರು. "ಕಡ್ಡಿ ಸರಿಯಾಗೇ ಇತ್ತು ಭಾವ. ನೀವು ಹೇಳಿದ್ದೇ ಸರಿ. ಗಾಜು ಉಜ್ಜೋನು ಆ ಅಂಗಡೀಲಿ ಒಬ್ಬನೇ ಇರೋದು. ಅದು ನಾನು. ಇವಳು ನನ್ನ ಮಗಳು."

ಭಾವನಿಗೆ ಲೋಕ ಕಂಡಿತು. ಮೊದಲು ತಮ್ಮ ತೊಡೆಯ ಮೇಲಿದ್ದ, ತಾವು ಕೈ ಒರೆಸಿ ಎಸೆದಿದ್ದ ಅಕ್ಕಿಹಾಳೆ ಕಂಡಿತು. ಪಕ್ಕದ ಟೇಬಲಿನವರು ಅದನ್ನೇ ಸುತ್ತಿ ತಿನ್ನುತ್ತಿರುವುದು ಕಂಡಿತು. ರಜೆಯ ಮೇಲಿದ್ದ ಓನರಮ್ಮ ಸ್ಟೂಲಿನ ಮೇಲಿಂದ ಕತ್ತು ಉದ್ದ ಮಾಡಿ ನೋಡುತ್ತಿರುವುದು ಕಂಡಿತು. ಕೊನೆಗೆ, ಮಾಸ್ಕು ಕೆಳಗೆಳೆದುಕೊಂಡು ನಿಂತಿದ್ದ ಹುಡುಗಿ ಕಂಡಳು. ಮೊಬೈಲಿನಲ್ಲಿದ್ದ ಅದೇ ಮುಖ.

"ಅಂದ್ರೆ... ಇಷ್ಟೊತ್ತೂ ನಾನು... ನಿನಗೇ..."

ನಲ್ಲಿ ನಿಂತುಹೋಯಿತು. ಅಷ್ಟು ವರ್ಷಗಳಲ್ಲಿ ಅದು ತಾನಾಗಿಯೇ ನಿಂತದ್ದು ಇದೇ ಮೊದಲು. ಆ ಮೌನದಲ್ಲಿ ಯಾರಿಗೂ ಪರಿಚಯವಿಲ್ಲದ ದನಿಯೊಂದು ಕೇಳಿಸಿತು. ಅದು ಅತ್ತಿಗೆಯದು.

"ನನಗೆ ಬಾಗಿಲಲ್ಲೇ ಗೊತ್ತಾಯ್ತು. ನಡಿಗೆ ಇವಳ ಅಜ್ಜೀದೇ," ಎಂದರು ಅವರು, ಇನ್ನೊಂದು ಹಾಳೆಯನ್ನು ನೀರಿಗೆ ಅದ್ದುತ್ತ. "ಈ ಗಂಡಸರಿಬ್ಬರಲ್ಲಿ ಯಾರು ಮೊದಲು ಬಾಯಿ ಬಿಡ್ತಾರೆ ಅಂತ ನೋಡ್ತಿದ್ದೆ. ಸೂಪು ಬಹಳ ಚೆನ್ನಾಗಿದೆ ಕಣೇ. ನಿನ್ನ ಕೈಯೇನು ಸುಟ್ಕೊಂಡಿದೀಯ?"

"ಅದು ಹಳೇದು ಅತ್ತೆ."

ಯಜಮಾನರು ಏನೋ ಹೇಳಬೇಕೆಂದು ಎದ್ದು ನಿಂತರು. ತಪ್ಪಾಯಿತು ಎನ್ನಬೇಕೇ, ಸೂಪು ಚೆನ್ನಾಗಿದೆ ಎನ್ನಬೇಕೇ, ಮೊದಲು ಯಾವುದು ಎಂದು ತಿಳಿಯಲಿಲ್ಲ. ಇಡೀ ಹೋಟೆಲು ಊಟದ ಕಡ್ಡಿಗಳಲ್ಲಿ ಎತ್ತಿದ ಸೇವಿಗೆಯನ್ನು ಅರ್ಧಕ್ಕೇ ನಿಲ್ಲಿಸಿ ಕಾಯುತ್ತಿತ್ತು.

"ಮಗಾ..." ಅಂದರು.

"ಅಪ್ಪಾ, ಟೇಬಲ್ ಖಾಲಿ ಮಾಡಿ," ಅಂದಳು ಮಗಳು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಆಗಿರಲಿಲ್ಲ. "ಹೊರಗೆ ಜನ ಹಸ್ಕೊಂಡು ನಿಂತಿದಾರೆ. ಉಳಿದದ್ದು ಮನೇಲಿ."

ಏನಾದರೂ ಮಾಡಲೇಬೇಕೆಂದು ಯಜಮಾನರು ಮೇಜಿನ ಮೇಲಿದ್ದ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿದರು. ಆ ಭಾರ ಅವರು ತಿಳಿದಷ್ಟು ಹಗುರವಾಗಿರಲಿಲ್ಲ. ಗೋಪುರ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಅವರು ಉಳಿಸಿದ್ದ ತಣ್ಣಗಾದ ಸೂಪು ಅಂಗಿಯ ತೋಳಿನೊಳಗೆ ಇಳಿಯಿತು. ಮಗಳು ಬಂದು, ಒಂದೇ ಕೈಯಲ್ಲಿ ಅಷ್ಟನ್ನೂ ಇಸಿದುಕೊಂಡು, ಜನರ ನಡುವೆ ನುಸುಳಿ ಮಾಯವಾದಳು.

ಹೊರಗೆ ಬರುವಾಗ ಭಾವ ಓನರಮ್ಮನ ಮುಂದೆ ನಿಂತು, ಬಹಳ ಕಷ್ಟಪಟ್ಟು, "ಚಿಲಕದ ವಿಷಯ... ಅವಸರವೇನಿಲ್ಲ" ಅಂದರು. ಸಾಲು ಇನ್ನೂ ಹಾಗೇ ಇತ್ತು. ಇಸ್ತ್ರಿ ಅಂಗಡಿಯವನು ಬಾಗಿಲ ಹತ್ತಿರಕ್ಕೆ ಬಂದಿದ್ದ.

"ಏನ್ ಯಜಮಾನ್ರೇ, ಊಟ ಆಯ್ತಾ?"

ಯಜಮಾನರು ನಿಂತರು. ತೋಳಿನಿಂದ ಸೂಪು ತೊಟ್ಟಿಕ್ಕುತ್ತಿತ್ತು.

"ನಾನು ಯಜಮಾನ ಅಲ್ಲಪ್ಪ. ಅಂಗಡಿ ನನ್ನದಲ್ಲ. ಅಲ್ಲಿ ಗಾಜು ಉಜ್ಜೋ ಕೆಲಸ ನನಗೆ. ಈ ಹೋಟ್ಲೂ ನನ್ನ ಮಗಳದ್ದಲ್ಲ. ಅವಳಿಲ್ಲಿ ಬಡಿಸ್ತಾಳೆ."

ಇಸ್ತ್ರಿಯವನು ಕಣ್ಣು ಪಿಳಿಪಿಳಿ ಬಿಟ್ಟ.

"ಅದು ಬೀದಿಗೆಲ್ಲಾ ಗೊತ್ತಲ್ರೀ. ಯಜಮಾನ್ರೇ ಅಂತ ಕರೀದಿದ್ರೆ ನೀವು ಕನ್ನಡಕ ಹೇಳಿದ ದಿನಕ್ಕೆ ಕೊಡಲ್ವಲ್ಲ!"